ರಾಗಿ ಮಾಲ್ಟ್: ಮೊಳಕೆ ಕಾಳಿನ ಪೇಯ

ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹದವಾದ ಬಿಸಿಯಲ್ಲಿ ಕಾಯಿಸಿ ಬೀಸಿದ ಹಿಟ್ಟಿಗೆ ರಾಗಿ ಮಾಲ್ಟ್ ಎನ್ನುತ್ತಾರೆ. ಆ ಹಿಟ್ಟನ್ನು ನೀರಿನಲ್ಲೋ ಹಾಲಿನಲ್ಲೋ ಕಾಸಿ ಮಾಡಿದ ಪೇಯಕ್ಕೂ ಅದೇ ಹೆಸರು. ಕರ್ನಾಟಕದಲ್ಲಿ ಇದು ಹಾಲು ಬಿಡಿಸುವ ಕೂಸಿಗೆ, ಬಾಣಂತಿಗೆ, ಜ್ವರದಿಂದ ಎದ್ದವರಿಗೆ, ಈಚೆಗೆ ಶಾಲಾ ಮಕ್ಕಳಿಗೆ ಕೊಡುವ ಆಹಾರ. ಬಾರ್ಲಿಯಿಂದ ತಯಾರಾಗುವ ಜರ್ಮನಿಯ ಮದ್ಯರಹಿತ ಮಾಲ್ಟ್ ಸೋಡಾ ಇದರ ದೂರದ ನೆಂಟ. ಕಾಳು ಬೇರೆ, ರುಚಿ ಬೇರೆ, ಕುಡಿಯುವ ರೀತಿಯೂ ಬೇರೆ. ಆದರೆ ಮೊಳೆಯುವ ಕಾಳು ತನ್ನೊಡಲಿನ ಪಿಷ್ಟವನ್ನು ತಾನೇ ಕರಗಿಸಿಕೊಳ್ಳುತ್ತದೆ ಎಂಬ ಒಂದೇ ಸಂಗತಿಯ ಮೇಲೆ ಎರಡೂ ನಿಂತಿವೆ.

ಹೆಸರು ಮತ್ತು ವ್ಯಾಪ್ತಿ

ಮಾಲ್ಟ್ ಎಂಬ ಪದ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದಿದೆ. ಜರ್ಮನ್ ಭಾಷೆಯಲ್ಲಿ ಅದು ಮಾಲ್ಟ್ಸ್. ಪದ ಹೊಸದಾದರೂ ಮೊಳಕೆ ರಾಗಿಯ ಹಿಟ್ಟು ಕನ್ನಡದ ಮನೆಗಳಿಗೆ ಹೊಸದಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಕೂಸಿಗೆ ತಿನ್ನಿಸುವ ರಾಗಿ ಸರಿ ಇದೇ ಜಾತಿಯದು. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಬೀಸಿ, ತೆಳುವಾದ ಬಟ್ಟೆಯಲ್ಲಿ ಸೋಸಿ ತೆಗೆದ ನುಣುಪು ಹಿಟ್ಟೇ ಸರಿ ಹಿಟ್ಟು.

ರಾಗಿಯ ಇತರ ತಿನಿಸುಗಳ ಜೊತೆ ಮಾಲ್ಟನ್ನು ಒಂದೇ ಎಂದುಕೊಳ್ಳುವುದುಂಟು. ರಾಗಿಯನ್ನು ಅರಳುವಂತೆ ಹುರಿದು ಬೀಸಿದರೆ ಅದು ಹುರಿಹಿಟ್ಟು. ಘಮ ಹೆಚ್ಚು, ಆದರೆ ಅದರಲ್ಲಿ ಮೊಳಕೆಯ ಕೆಲಸವಿಲ್ಲ. ಹಿಟ್ಟನ್ನು ನೀರಿನಲ್ಲಿ ಕುದಿಸಿ, ಆರಿಸಿ, ಮಜ್ಜಿಗೆ ಬೆರೆಸಿದರೆ ಅಂಬಲಿ. ಕರಾವಳಿಯಲ್ಲಿ ರಾಗಿಯನ್ನು ನೆನೆಸಿ ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ ಕಾಸಿ ರಾಗಿ ಮಣ್ಣಿ ಮಾಡುತ್ತಾರೆ. ಇವೆಲ್ಲ ಒಳ್ಳೆಯ ಆಹಾರಗಳೇ. ಆದರೆ ಕಾಳು ಮೊಳೆತಿದ್ದರೆ ಮಾತ್ರ ಅದಕ್ಕೆ ಮಾಲ್ಟ್ ಎಂಬ ಹೆಸರು ಸಲ್ಲುತ್ತದೆ.

ಹಾವೇರಿ ಸೀಮೆಯ ರಾಗಿ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರು, ರೊಟ್ಟಿಯ ನಾಡಿಗೂ ಮುದ್ದೆಯ ನಾಡಿಗೂ ನಡುವಿನ ಸೀಮೆಯಲ್ಲಿದೆ. ಬಡಗಣಕ್ಕೆ ಹೋದಂತೆ ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆ. ತೆಂಕಣಕ್ಕೆ ಶಿಕಾರಿಪುರದ ಗಡಿ ದಾಟಿದರೆ ಅನ್ನ, ಮುದ್ದೆ. ಈಗ ಈ ಭಾಗದ ಹೊಲಗಳನ್ನು ಹೆಚ್ಚಾಗಿ ಗೋವಿನಜೋಳ ಮತ್ತು ಹತ್ತಿ ಆವರಿಸಿವೆ. ಹಾಗಿದ್ದರೂ ರಾಗಿಯ ಚರಿತ್ರೆಯಲ್ಲಿ ಹಾವೇರಿ ಜಿಲ್ಲೆಗೆ ದೊಡ್ಡ ಪಾಲಿದೆ.

ಹಿಂದೆ ಹಿರೇಕೆರೂರು ತಾಲ್ಲೂಕಿಗೆ ಸೇರಿದ್ದ ಹಳ್ಳೂರು ತುಂಗಭದ್ರೆಯ ದಂಡೆಯ ಊರು. ಎಂ.ಎಸ್. ನಾಗರಾಜರಾಯರು 1960ರ ದಶಕದಲ್ಲಿ ಇಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದಿಂದ ಕಬ್ಬಿಣಯುಗದವರೆಗಿನ ಬದುಕಿನ ಪದರಗಳು ಕಂಡವು. ಅಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ರಾಗಿಯೂ ಇದೆ ಎಂದು ಆಗ ವರದಿಯಾಯಿತು, ಭಾರತದ ಅತಿ ಹಳೆಯ ರಾಗಿ ಎಂದು ಹಳ್ಳೂರಿನ ಹೆಸರು ಪುಸ್ತಕಗಳಿಗೆ ಸೇರಿತು. ಮುಂದೆ ದಕ್ಷಿಣ ಭಾರತದ ಪ್ರಾಚೀನ ಧಾನ್ಯಗಳನ್ನು ಮತ್ತೆ ಪರಿಶೀಲಿಸಿದ ಡೋರಿಯನ್ ಫುಲ್ಲರ್ ಮೊದಲಾದ ಸಸ್ಯ ಪುರಾತತ್ವಜ್ಞರು, ಹೀಗೆ ರಾಗಿ ಎಂದು ಗುರುತಿಸಿದ ಕಾಳುಗಳಲ್ಲಿ ಹಲವು ಬೇರೆ ಕಿರುಧಾನ್ಯಗಳಿರಬೇಕು ಎಂದು ವಾದಿಸಿದರು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅದು ಕನ್ನಡ ನೆಲಕ್ಕೆ ಕಾಲಿಟ್ಟ ಕಾಲದ ಬಗೆಗೆ ಮಾತ್ರ ಚರ್ಚೆ ನಡೆದಿದೆ.

ಇದೇ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಗಿಯನ್ನೇ ನಾಯಕನನ್ನಾಗಿ ಮಾಡಿ ರಾಮಧಾನ್ಯಚರಿತೆ ಬರೆದರು. ಭತ್ತಕ್ಕೂ ನರೆದಲೆಗನಿಗೂ, ಎಂದರೆ ರಾಗಿಗೂ, ಯಾರು ಮೇಲೆಂಬ ಜಗಳ ಹುಟ್ಟುತ್ತದೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಬಂದಾಗ ಭತ್ತ ಬಾಡಿರುತ್ತದೆ, ರಾಗಿ ಕಳೆಗುಂದಿರುವುದಿಲ್ಲ; ಗೆಲುವು ಅದರದ್ದಾಗುತ್ತದೆ. ಈ ಕಥೆಯ ಹಿಂದೆ ರೈತರ ಅನುಭವವಿದೆ. ಒಂದು ಸಾವಿರ ಕಾಳು ಕೂಡಿಸಿದರೂ ಮೂರು ಗ್ರಾಂ ಆಸುಪಾಸು ತೂಗುವ ಈ ಕಿರುಧಾನ್ಯವನ್ನು ಚೆನ್ನಾಗಿ ಒಣಗಿಸಿ ಹಗೇವಿನಲ್ಲಿ ತುಂಬಿದರೆ ವರ್ಷಗಟ್ಟಲೆ ಹುಳ ಮುಟ್ಟುವುದಿಲ್ಲ.

ಹಾವೇರಿ ರೈತರು ರೂಪಿಸಿದ ಗುಳಿ ರಾಗಿ ಪದ್ಧತಿ ಇಂದು ದೇಶದ ಹಲವೆಡೆ ಕೃಷಿ ಕಾರ್ಯಕರ್ತರಿಗೆ ಪರಿಚಿತ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಸಾಲು ಹೊಡೆದು, ಸಾಲುಗಳು ಸಂಧಿಸುವ ಕಡೆ ಗುಳಿ ಮಾಡುತ್ತಾರೆ. ಗುಳಿಯಿಂದ ಗುಳಿಗೆ ಸುಮಾರು ಒಂದೂವರೆ ಅಡಿ ಅಂತರ. ಪ್ರತಿ ಗುಳಿಗೆ ಹಿಡಿ ಗೊಬ್ಬರ ಹಾಕಿ ಎರಡು ಎಳೆ ಸಸಿ ನೆಡುತ್ತಾರೆ. ಸಸಿ ಬೇರೂರಿದ ಮೇಲೆ ಅವುಗಳ ಮೇಲೆ ಕೊರಡು ಎಳೆಯುತ್ತಾರೆ. ಬಾಗಿದ ಸಸಿ ಬುಡದಲ್ಲಿ ತೆಂಡೆ ಒಡೆದು ಪೊದೆಯಾಗುತ್ತದೆ, ಬುಡಕ್ಕೊಂದರಂತೆ ಬರಬೇಕಿದ್ದ ತೆನೆ ಹತ್ತಾರು ಆಗುತ್ತದೆ. ಇದೇ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿರುವ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ನವಣೆ, ಸಾವೆಯಂಥ ಕಿರುಧಾನ್ಯಗಳ ಮೇಲೆ ಕೆಲಸ ಮಾಡುತ್ತ ಬಂದಿದೆ.

ತಯಾರಿಕೆ

ಮಾಲ್ಟಿಗೆ ಬೇಕಾದದ್ದು ಬಿತ್ತನೆಗೆ ಯೋಗ್ಯವಾದ ಜೀವಂತ ಕಾಳು. ಮುಗ್ಗಿದ, ಬಣವೆಯಲ್ಲಿ ನೆನೆದ ರಾಗಿ ಮುದ್ದೆಗೆ ಹೇಗೋ ಆದೀತು, ಮಾಲ್ಟಿಗೆ ಆಗದು. ಶಿಲೀಂಧ್ರನಾಶಕ ಬಳಿದ ಬಿತ್ತನೆ ಬೀಜವನ್ನಂತೂ ಈ ಕೆಲಸಕ್ಕೆ ಎಂದೂ ಬಳಸಬಾರದು.

ಕಲ್ಲು ಮಣ್ಣು ಹೋಗುವಂತೆ ಕಾಳನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದು, ತೇಲುವ ಜೊಳ್ಳು ತೆಗೆದು, ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ನೆನೆಸುತ್ತಾರೆ. ನಡುವೆ ನೀರು ಬದಲಿಸಿದರೆ ಹುಳಿ ವಾಸನೆ ಹತ್ತುವುದಿಲ್ಲ. ಆಮೇಲೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟುತ್ತಾರೆ. ಎರಡನೆಯ ದಿನ ಗಂಟು ಬಿಚ್ಚಿದರೆ ಕಂದು ಕಾಳಿನ ತುದಿಯಲ್ಲಿ ಬಿಳಿ ನೂಲಿನಂಥ ಬೇರು ಕಾಣುತ್ತದೆ. ಕೈಯಿಟ್ಟರೆ ಒಳಗೆ ಬೆಚ್ಚಗಿರುತ್ತದೆ. ಉಸಿರಾಡುತ್ತಿರುವ ಕಾಳಿನ ಬಿಸಿ ಅದು. ದಿನಕ್ಕೆರಡು ಸಲ ಕೆದಕಿ ಗಾಳಿ ಆಡಿಸದೆ ಹೋದರೆ ಆ ಬಿಸಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಎರಡು ಮೂರು ದಿನ ಮೊಳೆಸಿದ ಮೇಲೆ ತೆಳುವಾಗಿ ಹರವಿ ಬಿಸಿಲಲ್ಲಿ ಒಣಗಿಸುತ್ತಾರೆ. ಗರಿಗರಿಯಾದ ಕಾಳನ್ನು ಎರಡು ಅಂಗೈಗಳ ನಡುವೆ ಉಜ್ಜಿ ಕೇರಿದರೆ ಬೇರಿನ ಹೊಟ್ಟು ಹಾರಿಹೋಗುತ್ತದೆ. ಕೊನೆಗೆ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಬೀಸುತ್ತಾರೆ. ಕಾರ್ಖಾನೆಗಳಲ್ಲಿ ಈ ಹಂತ ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಗಾಳಿಯಲ್ಲಿ ನಡೆಯುತ್ತದೆ. ಮಾಲ್ಟಿನ ಹಿತವಾದ ಘಮ ಹುಟ್ಟುವುದು ಇಲ್ಲಿಯೇ. ಉರಿ ಮಿತಿಮೀರಿದರೆ ಘಮ ಹೆಚ್ಚುತ್ತದೆ, ಆದರೆ ಮೊಳಕೆ ಗಳಿಸಿಕೊಟ್ಟ, ಪಿಷ್ಟ ಕರಗಿಸುವ ಕಿಣ್ವಗಳು ಕೆಡುತ್ತವೆ.

ಮೊಳಕೆಯೊಳಗಿನ ಕೆಲಸ

ರಾಗಿ ಕಾಳಿನ ಬಹುಭಾಗ ಪಿಷ್ಟ. ಎಳೆ ಗಿಡ ಬೇರು ಬಿಟ್ಟು, ಎಲೆ ತೆರೆದು, ಬಿಸಿಲಿನಿಂದ ತನ್ನ ಅನ್ನ ತಾನು ಮಾಡಿಕೊಳ್ಳುವವರೆಗೆ ಕಟ್ಟಿಕೊಂಡ ಬುತ್ತಿ ಅದು. ನೀರು ತಾಗಿದೊಡನೆ ಭ್ರೂಣ ಹಾರ್ಮೋನೊಂದನ್ನು ಹೊರಡಿಸುತ್ತದೆ. ಅದರ ಸೂಚನೆಗೆ ಕಾಳಿನ ಅಂಚಿನ ಜೀವಕೋಶಗಳು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸುತ್ತವೆ. ಅಮೈಲೇಸ್ ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡರಿಸಿ ಮಾಲ್ಟೋಸ್‌ನಂಥ ಸಕ್ಕರೆಗಳನ್ನಾಗಿ ಮಾಡುತ್ತದೆ. ಫ್ರಾನ್ಸಿನ ಪಾಯೆನ್ ಮತ್ತು ಪರ್ಸೋ 1833ರಲ್ಲಿ ಬಾರ್ಲಿ ಮಾಲ್ಟಿನಿಂದ ಬೇರ್ಪಡಿಸಿದ ಡಯಾಸ್ಟೇಸ್ ಇದೇ. ಮನುಷ್ಯ ಹೀಗೆ ಬೇರ್ಪಡಿಸಿದ ಮೊದಲ ಕಿಣ್ವ ಅದು.

ಅಡುಗೆಮನೆಯಲ್ಲಿ ಈ ಕೆಲಸವನ್ನು ಕಣ್ಣಾರೆ ಕಾಣಬಹುದು. ಸಾಮಾನ್ಯ ರಾಗಿ ಹಿಟ್ಟಿನಿಂದ ಸೌಟು ನಿಲ್ಲುವಷ್ಟು ಗಟ್ಟಿ ಗಂಜಿ ಮಾಡಿ, ಕುದಿ ಇಳಿಸಿ, ಬೆರಳಿಗೆ ಚುರುಕೆನ್ನುವಷ್ಟು ಬಿಸಿ ಇರುವಾಗ ಒಂದು ಚಮಚ ಮೊಳಕೆ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಹಾಕಿ ತಿರುವಬೇಕು. ಕೆಲವೇ ನಿಮಿಷಗಳಲ್ಲಿ ಸೌಟು ಹಗುರಾಗುತ್ತದೆ, ಗಂಜಿ ಹರಿಯತೊಡಗುತ್ತದೆ, ಸಕ್ಕರೆ ಹಾಕದೆಯೂ ನಾಲಿಗೆಗೆ ತುಸು ಸಿಹಿ ಹತ್ತುತ್ತದೆ. ಕುದಿಯುವ ಗಂಜಿಗೇ ಮೊಳಕೆ ಹಿಟ್ಟು ಸುರಿದರೆ ಹೀಗಾಗದು. ಕುದಿತ ಕಿಣ್ವವನ್ನು ಕೆಡಿಸುತ್ತದೆ. ಮಾಲ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಸುವ ರೂಢಿಯ ಹಿಂದೆ ಈ ಕಾರಣವಿದೆ. ಬಿಸಿ ಮೆಲ್ಲಗೆ ಏರುವ ಆ ಹೊತ್ತಿನಲ್ಲಿ ಅಮೈಲೇಸಿಗೆ ಕೆಲಸ ಮಾಡಲು ಬಿಡುವು ಸಿಗುತ್ತದೆ. ಪಿಷ್ಟ ಕರಗಿದ ಮೇಲೆ ಒಂದು ಕುದಿ ಬರಿಸಿ ಇಳಿಸಿದರೆ ರೋಗಾಣುಗಳ ಭಯವೂ ತಪ್ಪುತ್ತದೆ.

ಈ ತೆಳುವಾಗುವ ಗುಣ ಎಳೆಮಕ್ಕಳಿಗೆ ಬಹಳ ಮುಖ್ಯ. ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ದೇಹತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್. ಎಂಟು ಕಿಲೋ ತೂಕದ ಮಗುವಿಗೆ ಅದು 240 ಮಿಲಿಲೀಟರ್. ನೂರು ಮಿಲಿಲೀಟರ್‌ಗೆ ಹತ್ತು ಗ್ರಾಂ ಲೆಕ್ಕದಲ್ಲಿ ಸಾಮಾನ್ಯ ಹಿಟ್ಟು ಹಾಕಿದರೆ ಗಂಜಿ ಆಗಲೇ ಮಂದವಾಗಿರುತ್ತದೆ, ಮಗುವಿಗೆ ಸಿಗುವುದು 80 ಕಿಲೋಕ್ಯಾಲರಿಗಿಂತ ಕಡಿಮೆ. ಮೊಳಕೆ ಹಿಟ್ಟಿನಲ್ಲಿ ಇಪ್ಪತ್ತು ಗ್ರಾಂವರೆಗೂ ಹಾಕಿ ಕುಡಿಯುವ ಹದ ಉಳಿಸಿಕೊಳ್ಳಬಹುದು. ಅದೇ ಬಟ್ಟಲಿನಿಂದ 150 ಕಿಲೋಕ್ಯಾಲರಿಯಷ್ಟು ದೊರೆಯುತ್ತದೆ. ಮಗು ಹೆಚ್ಚು ಕುಡಿಯಬೇಕಾಗಿಲ್ಲ.

ಮೈಸೂರಿನ ಸಂಶೋಧನೆ

1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ, ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ರಾಗಿಯ ಮಾಲ್ಟ್ ಗುಣವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿತು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ್ದರು. ಹೊಸ ತಳಿಗಳು ಹೊಲಕ್ಕಿಳಿದ ಆ ದಿನಗಳಲ್ಲಿ ಮೈಸೂರಿನ ಈ ಸಂಸ್ಥೆಯ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಹೊಸ ರಾಗಿ ತಳಿಗಳ ಮಾಲ್ಟ್ ಗುಣದ ಕುರಿತು 1979ರಲ್ಲಿ ಬರೆದರು. 1982ರಲ್ಲಿ ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳು ಸೇರಿಸಿ, ಕಾಸಿದಾಗ ತೆಳುವಾಗಿಯೇ ಉಳಿಯುವ ಶಿಶು ಆಹಾರದ ಸೂತ್ರವನ್ನು ಪ್ರಕಟಿಸಿದರು. ರಾಗಿಯಲ್ಲಿ ಪ್ರೋಟೀನು ಸಾಧಾರಣ, ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಹೆಸರುಕಾಳು ಆ ಕೊರತೆಯನ್ನು ತುಂಬುತ್ತದೆ.

ಕಿರುಧಾನ್ಯಗಳ ಪೈಕಿ ರಾಗಿಯಲ್ಲಿ ಅಮೈಲೇಸ್ ಹೆಚ್ಚು ಹುಟ್ಟುತ್ತದೆ, ಮಾಲ್ಟಿನ ವಾಸನೆಯೂ ಹಿತ. 1980ರ ದಶಕದಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ತಾರಾ ಗೋಪಾಲದಾಸ್ ಮೊಳಕೆಯಿಂದ ಗಂಜಿ ತೆಳುವಾಗಿಸುವ ತತ್ವವನ್ನು ಇನ್ನಷ್ಟು ಸರಳಗೊಳಿಸಿದರು. ಮನೆಯ ಕಾಳನ್ನೆಲ್ಲ ಮೊಳಕೆ ಬರಿಸಬೇಕಿಲ್ಲ, ಮಗುವಿನ ಗಂಜಿಗೆ ಚಿಟಿಕೆ ಮೊಳಕೆ ಹಿಟ್ಟು ಬೆರೆಸಿದರೂ ಸಾಕು ಎಂದು ಅವರ ಕೆಲಸ ತೋರಿಸಿತು.

ಜರ್ಮನಿಯ ಮಾಲ್ಟ್ ಪೇಯ

ಕಿಣ್ವದ ಈ ಉಪಯೋಗವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಯುಸ್ಟುಸ್ ಫಾನ್ ಲೀಬಿಗ್ 1865ರಲ್ಲೇ ಕಂಡುಕೊಂಡಿದ್ದರು. ತಾಯಿಹಾಲು ಸಿಗದ ಕೂಸುಗಳಿಗಾಗಿ ಅವರು ಗೋಧಿ ಹಿಟ್ಟು, ಹಸುವಿನ ಹಾಲು, ಬಾರ್ಲಿ ಮಾಲ್ಟು ಮತ್ತು ಒಂದಿಷ್ಟು ಕ್ಷಾರ ಸೇರಿಸಿ ಸೂಪು ರೂಪಿಸಿದರು. ಮಾಲ್ಟು ಗೋಧಿಯ ಪಿಷ್ಟವನ್ನು ಕರಗಿಸುವುದೇ ಅದರ ಮರ್ಮ. ಕರ್ನಾಟಕದ ಅಜ್ಜಿಯರ ಸರಿ ಹಿಟ್ಟಿಗೂ ಲೀಬಿಗರ ಸೂಪಿಗೂ ಮೂಲತತ್ವ ಒಂದೇ. ಇದೇ ಹಾದಿಯಲ್ಲಿ ಹಾರ್ಲಿಕ್ ಸೋದರರು 1873ರಲ್ಲಿ ಅಮೆರಿಕದಲ್ಲಿ ಮಾಲ್ಟ್ ಆಹಾರದ ಉದ್ಯಮ ತೆರೆದರು. ಭಾರತದ ಮನೆಗಳಿಗೆ ಬಂದ ಮಾಲ್ಟ್ ಪುಡಿಗಳ ಪರಂಪರೆಗೆ ಇದೂ ಒಂದು ಬೇರು.

ಜರ್ಮನಿಯಲ್ಲಿ ಮಾಲ್ಟ್ಸ್‌ಬಿಯರ್ ಅಥವಾ ಮಾಲ್ಟ್ಸ್‌ಟ್ರುಂಕ್ ಎಂಬ ಪೇಯವಿದೆ. ಕಡುಕಂದು ಬಣ್ಣ, ಬುರುಗು, ಕ್ಯಾರಮಲ್ ಹೋಲುವ ಸಿಹಿ. ಬಾರ್ಲಿ ಮಾಲ್ಟನ್ನು ಬಿಯರಿಗೆ ಕುದಿಸುವಂತೆಯೇ ಹಾಪ್ಸ್ ಹಾಕಿ ಕುದಿಸುತ್ತಾರೆ. ಯೀಸ್ಟನ್ನು ಸೊನ್ನೆ ಡಿಗ್ರಿಯ ಹತ್ತಿರದ ಚಳಿಯಲ್ಲಿ ಸೇರಿಸುವುದರಿಂದ ಅದು ಹೆಚ್ಚುಕಡಿಮೆ ಕೆಲಸ ಮಾಡುವುದೇ ಇಲ್ಲ. ಆಲ್ಕೋಹಾಲು ಶೇ 0.5ನ್ನು ಮೀರುವುದಿಲ್ಲ. ಹಿಂದೆ ಇದನ್ನು ಪೋಷಕ ಬಿಯರ್ ಎಂದು ಕರೆದು ಹಾಲೂಡಿಸುವ ತಾಯಂದಿರಿಗೂ ರೋಗದಿಂದ ಚೇತರಿಸಿಕೊಳ್ಳುವವರಿಗೂ ಕೊಡುತ್ತಿದ್ದರು. ಮಕ್ಕಳ ಬಿಯರ್ ಎಂಬ ಹೆಸರೂ ಉಂಟು. ಸಕ್ಕರೆ ಸೇರಿಸಿದ್ದನ್ನು ಬಿಯರ್ ಎನ್ನಬಹುದೇ ಎಂದು ಇಪ್ಪತ್ತನೇ ಶತಮಾನದ ನಡುವೆ ಉತ್ತರ ಜರ್ಮನಿಯ ತಯಾರಕರಿಗೂ ಬವೇರಿಯಕ್ಕೂ ಜಟಾಪಟಿ ನಡೆಯಿತು. ಬವೇರಿಯದವರು ಬಿಯರಿನ ಶುದ್ಧತೆ ಕುರಿತ 1516ರ ಕಟ್ಟಳೆಯನ್ನು ಮುಂದಿಟ್ಟರು. ಸಕ್ಕರೆ ಸೇರಿದ ಬಾಟಲಿಗೆ ಮಾಲ್ಟ್ ಪೇಯ ಎಂಬರ್ಥದ ಮಾಲ್ಟ್ಸ್‌ಟ್ರುಂಕ್ ಹೆಸರು ಗಟ್ಟಿಯಾದದ್ದು ಈ ಹಿನ್ನೆಲೆಯಲ್ಲಿ. ವಿಟಾಮಾಲ್ಟ್ಸ್, ಕಾರಾಮಾಲ್ಟ್ಸ್ ಇಂದು ಅಲ್ಲಿನ ಮನೆಮಾತಾದ ಬ್ರ್ಯಾಂಡುಗಳು.

ಪೋಷಣೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 321 ಕಿಲೋಕ್ಯಾಲರಿ, 7 ಗ್ರಾಂ ಪ್ರೋಟೀನು, 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ, 4.6 ಮಿಲಿಗ್ರಾಂ ಕಬ್ಬಿಣ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಮನ್ನೂ ಮುಟ್ಟದು.

ರಾಗಿಯ ಕ್ಯಾಲ್ಸಿಯಂ ಮತ್ತು ಕಬ್ಬಿಣವನ್ನು ಫೈಟೇಟ್, ಟ್ಯಾನಿನ್‌ಗಳು ಹಿಡಿದಿಟ್ಟುಕೊಂಡು ದೇಹಕ್ಕೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಮೊಳಕೆಯಲ್ಲಿ ಫೈಟೇಟ್ ಒಡೆಯುವ ಕಿಣ್ವವೂ ಎಚ್ಚರಗೊಳ್ಳುವುದರಿಂದ ಈ ತಡೆ ಸಡಿಲವಾಗುತ್ತದೆ. ಇನ್ನೊಂದು ಮಾತನ್ನೂ ಗಮನಿಸಬೇಕು: ರಾಗಿಯ ಕ್ಯಾಲ್ಸಿಯಂ ಮತ್ತು ನಾರು ಹೊರಸಿಪ್ಪೆಯಲ್ಲಿ ಹೆಚ್ಚು. ಬಟ್ಟೆಯಲ್ಲಿ ಸೋಸಿ ತರಿ ಚೆಲ್ಲಿದಷ್ಟೂ ಹಿಟ್ಟು ನುಣುಪಾಗುತ್ತದೆ, ಕ್ಯಾಲ್ಸಿಯಂ ಕುಗ್ಗುತ್ತದೆ. ಆರು ತಿಂಗಳು ದಾಟಿದ ಕೂಸಿಗೆ ಸೋಸಿದ ಹಿಟ್ಟು ಸರಿ. ಓಡಾಡುವ ಮಕ್ಕಳಿಗೂ ದೊಡ್ಡವರಿಗೂ ಸೋಸದ ಹಿಟ್ಟೇ ಮೇಲು. ಮೂವತ್ತು ಗ್ರಾಂ ಇಡೀ ರಾಗಿ ಹಿಟ್ಟಿಗೆ 150 ಮಿಲಿಲೀಟರ್ ಹಸುವಿನ ಹಾಲು ಸೇರಿದರೆ ಲೋಟದಲ್ಲಿ 280 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಬೇಕೆಂದು 2020ರ ಭಾರತೀಯ ಶಿಫಾರಸು ಹೇಳುವುದು 650 ಮಿಲಿಗ್ರಾಂ.

ಜರ್ಮನಿಯ ಮಾಲ್ಟ್ ಸೋಡಾದ 100 ಮಿಲಿಲೀಟರ್‌ನಲ್ಲಿ ಸಾಮಾನ್ಯವಾಗಿ 40ರಿಂದ 50 ಕಿಲೋಕ್ಯಾಲರಿ ಇರುತ್ತದೆ. ಅದರ ಹೆಚ್ಚಿನ ಪಾಲು ಸಕ್ಕರೆಗಳಿಂದ ಬರುವಂಥದು, ನಾರು ಇಲ್ಲವೆನ್ನುವಷ್ಟು ಕಡಿಮೆ. ಮಾಲ್ಟಿನ ಸಾರ ಮಾತ್ರ ಬಾಟಲಿಗೆ ಇಳಿಯುತ್ತದೆ, ಕಾಳಿನ ಒಡಲು ಚರಟವಾಗಿ ಹಿಂದೆ ಉಳಿಯುತ್ತದೆ. ರಾಗಿ ಮಾಲ್ಟಿನಲ್ಲಿ ಕಾಳೇ ಲೋಟಕ್ಕೆ ಬರುತ್ತದೆ. ಬಾರ್ಲಿಯಲ್ಲಿ ಗ್ಲುಟೆನ್ ಇದೆ, ರಾಗಿಯಲ್ಲಿ ಇಲ್ಲ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗೆ ಈ ವ್ಯತ್ಯಾಸ ದೊಡ್ಡದು. ಮಧುಮೇಹಿಗಳಿಗೆ ರಾಗಿ ಮಾಲ್ಟ್ ಮುದ್ದೆಗೆ ಸಮನಲ್ಲ. ಪಿಷ್ಟ ಮೊದಲೇ ಮುರಿದಿರುವುದರಿಂದ, ಮೇಲೆ ಬೆಲ್ಲವೂ ಸೇರಿದರೆ, ರಕ್ತದ ಸಕ್ಕರೆ ಬೇಗ ಏರಬಹುದು.

ಶಾಲೆಯ ಲೋಟ, ಅಂಗಡಿಯ ಪೊಟ್ಟಣ

ಕರ್ನಾಟಕ ಸರ್ಕಾರ 2013ರಲ್ಲಿ ಕ್ಷೀರಭಾಗ್ಯ ಯೋಜನೆ ಆರಂಭಿಸಿ ಶಾಲಾ ಮಕ್ಕಳಿಗೆ ಹಾಲು ಕೊಡತೊಡಗಿತು. 2024ರ ಫೆಬ್ರವರಿ 22ರಂದು ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಸಹಯೋಗದಲ್ಲಿ, ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಪುಡಿ ಬೆರೆಸಿ ಕೊಡುವ ಕಾರ್ಯಕ್ರಮಕ್ಕೆ ಚಾಲನೆ ದೊರೆಯಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳನ್ನು ತಲುಪುವ ಯೋಜನೆ ಅದು. ಹೀಗೆ ರೊಟ್ಟಿ ಉಣ್ಣುವ ಊರುಗಳ ಮಕ್ಕಳಿಗೂ ಬೆಳಗಿನ ಲೋಟದಲ್ಲಿ ರಾಗಿ ಸಿಗುವಂತಾಯಿತು.

ಮಾರುಕಟ್ಟೆಯ ಕಥೆ ಬೇರೆ. ಮಾಲ್ಟ್ ಎಂದು ಬರೆದ ಪೊಟ್ಟಣಗಳಲ್ಲಿ ಮೊಳಕೆಯನ್ನೇ ಕಾಣದ ಹುರಿದ ಹಿಟ್ಟು, ಅದರೊಡನೆ ಧಾರಾಳ ಸಕ್ಕರೆ ಇರುವುದುಂಟು. ಹಾಲು, ಧಾನ್ಯ, ಮಾಲ್ಟ್ ಆಧಾರಿತ ಪೇಯದ ಪುಡಿಗಳನ್ನು ಆರೋಗ್ಯ ಪೇಯ ಎಂಬ ವಿಭಾಗದಲ್ಲಿ ಮಾರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಪ್ರಮಾಣ ಹೆಚ್ಚಿರುವ ಪದಾರ್ಥ ಮೊದಲು ಬರುತ್ತದೆ. ಮೊಳಕೆ ರಾಗಿ ಮೊದಲ ಸಾಲಿನಲ್ಲಿ ಇಲ್ಲದಿದ್ದರೆ ಕೊಳ್ಳುವವರು ಕೊಡುವ ಹಣ ಸಕ್ಕರೆಗೆ ಹೋಗುತ್ತದೆ.

ಜೋಳದ ಮಾಲ್ಟ್

ಜೋಳ ಬೆಳೆಯುವ ಸವಣೂರು, ಶಿಗ್ಗಾಂವಿ ಸೀಮೆಯಲ್ಲಿ ಜೋಳವನ್ನೇ ಮೊಳಕೆ ಬರಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ಆಗುತ್ತದೆ. 1988ರಲ್ಲಿ ನೈಜೀರಿಯ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿನ ಕಾರ್ಖಾನೆಗಳು ಜೋಳ ಮತ್ತು ಗೋವಿನಜೋಳದತ್ತ ಹೊರಳಿ ತಮ್ಮ ಮಾಲ್ಟ್ ಪೇಯಗಳನ್ನು ಉಳಿಸಿಕೊಂಡವು. ಪೂರ್ವ ಆಫ್ರಿಕದಲ್ಲಿ ಉಗಾಂಡದ ಒಬುಶೆರ ಎಂಬ ಪೇಯ ಜೋಳ ಅಥವಾ ರಾಗಿಯ ಮೊಳಕೆಯಿಂದ ಆಗುತ್ತದೆ. ಟಾಂಜಾನಿಯದ ಟೋಗ್ವಾ ಪೇಯಕ್ಕೆ ಗೋವಿನಜೋಳದ ಗಂಜಿಯನ್ನು ರಾಗಿ ಮಾಲ್ಟ್ ಹಾಕಿ ತೆಳುವಾಗಿಸಿ, ಹುಳಿ ಬರಿಸುತ್ತಾರೆ. ಗೋವಿನಜೋಳವೇ ತುಂಬಿರುವ ಚಿಕ್ಕೇರೂರು ಸುತ್ತಿನ ಮನೆಗಳಿಗೆ ಟೋಗ್ವಾದ ಈ ಜೋಡಿ ಹತ್ತಿರದ್ದು: ಹೊಲದ ಗೋವಿನಜೋಳದ ಗಂಜಿಗೆ ಸಂತೆಯಿಂದ ತಂದ ಒಂದು ಹಿಡಿ ರಾಗಿಯ ಮೊಳಕೆ ಹಿಟ್ಟು ಸಾಕಾಗುತ್ತದೆ.

ಜೋಳದ ಮೊಳಕೆಗೆ ಮಾತ್ರ ಒಂದು ಎಚ್ಚರಿಕೆ ಬೇಕು. ಮಳೆ ಕೈಕೊಟ್ಟ ಹೊಲದಲ್ಲಿ ಎಳೆ ಜೋಳ ಮೇಯ್ದ ದನ ಹೊಟ್ಟೆಯುಬ್ಬಿ, ನಡುಗಿ ಬೀಳುವುದನ್ನು ಈ ಭಾಗದ ರೈತರು ಬಲ್ಲರು. ಎಳೆ ಜೋಳದಲ್ಲಿರುವ ಧುರಿನ್ ಎಂಬ ವಸ್ತು ಒಡೆದು ಸಯನೈಡ್ ಬಿಡುವುದೇ ಅದಕ್ಕೆ ಕಾರಣ. ಅದೇ ವಸ್ತು ಜೋಳದ ಮೊಳಕೆಯ ಕುಡಿ ಮತ್ತು ಬೇರಿನಲ್ಲೂ ಸೇರಿಕೊಳ್ಳುತ್ತದೆ. ಆದ್ದರಿಂದ ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನಬಾರದು. ಚೆನ್ನಾಗಿ ಒಣಗಿಸಿ, ಕುಡಿ ಬೇರುಗಳೆಲ್ಲ ಉದುರುವಂತೆ ಉಜ್ಜಿ, ಕೇರಿ, ಬೀಸಿ, ಕುದಿಸಿಯೇ ಬಳಸಬೇಕು. ರಾಗಿಯ ಮೊಳಕೆಗೆ ಈ ಭಯ ಇಲ್ಲದಿರುವುದರಿಂದ ಕೂಸಿನ ಬಟ್ಟಲಿಗೆ ರಾಗಿಯೇ ಮೊದಲ ಆಯ್ಕೆಯಾಗಿ ಉಳಿದಿದೆ.